ಉಮ್ಮನ ದನಿ ಇನ್ನೊಂದು ಕಡೆಯೂ ಇರಲಿ

ನನ್ನ ಪ್ರಕಾರ ನಮಗೆ ಮೊಬೈಲಿನಿಂದಾದ ದೊಡ್ಡ ಉಪಕಾರ ಗೇಮೂ ಅಲ್ಲ, ಕ್ಯಾಮೆರಾವೂ ಅಲ್ಲ, ವಾಯ್ಸ್ ಮೆಸೇಜ್. ಬ್ಯಾರಿಯನ್ನು ನಾನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ, ನಾಯ್ಮಾರ್ಮೂಲೆಯಲ್ಲೇ ಓದುವ ಅಕ್ಕನ ಮಗ ಮಲಯಾಳದಲ್ಲಿ. ಒಬ್ಬರದು ಇನ್ನೊಬ್ಬರಿಗೆ ಓದಲು ಬಾರದು. ದನಿಗೆ ಆ ತಾಪತ್ರಯವಿಲ್ಲ. ಅಂಗಡಿಯಲ್ಲಿ ಕೂತ ಉಪ್ಪ ಗಲ್ಫಿನಲ್ಲಿರುವ ಅಣ್ಣನಿಗೆ ತೆಂಗಿನಕಾಯಿ ರೇಟನ್ನೂ ಬ್ಯಾರಿಯಲ್ಲೇ ಹೇಳಿ ಕಳಿಸುತ್ತಾರೆ.

2011ರ 'ಬ್ಯಾರಿ' ಸಿನಿಮಾಕ್ಕೆ ಮರಾಠಿ ಚಿತ್ರದ ಜೊತೆ ಸ್ವರ್ಣಕಮಲ ಬಂದದ್ದು ಹೆಮ್ಮೆಯೇ. ಆದರೆ ಭಾಷೆ ಉಳಿಯುವುದು ದಿನದ ಮಾತಿನಲ್ಲಿ.

ಕಳೆದ ವರ್ಷ ನನ್ನ ಫೋನ್ ಕೆಟ್ಟಿತು. ತೀರಿಹೋದ ಉಮ್ಮನ ಮೆಸೇಜುಗಳೆಲ್ಲ ಅದರೊಂದಿಗೇ ಹೋದವು. "ಊಟ ಆಯ್ತಾ" ಎಂದು ಕೇಳಿದ್ದೇ ಹೆಚ್ಚು. ಡಿಪ್ಲೊಮಾ ಮಾಡಿಯೂ ಬ್ಯಾಕಪ್ ಇಟ್ಟಿರಲಿಲ್ಲ. ನೀವಾದರೂ ಇವತ್ತೇ ಇಡಿ.