ದಂಡವಿಲ್ಲದ ಮುಖಗವುಸು

೨೦೨೨ರ ಏಪ್ರಿಲ್ ೨ರಂದು, ಗುಡಿ ಪಾಡ್ವಾ ಹಬ್ಬದ ದಿನ, ಮಹಾರಾಷ್ಟ್ರ ಸರಕಾರವು ಕೋವಿಡ್ ನಿರ್ಬಂಧಗಳನ್ನೆಲ್ಲ ತೆಗೆದುಹಾಕಿತು. ಮುಖಗವುಸು ಧರಿಸುವುದು ಅಂದಿನಿಂದ ಅವರವರ ಇಚ್ಛೆಗೆ ಬಿಟ್ಟ ವಿಷಯವಾಯಿತು. ಅದುವರೆಗೆ ಮುಂಬಯಿಯ ಬೀದಿಯಲ್ಲಿ ಬರಿಮುಖದಿಂದ ಸಿಕ್ಕವನು ನಗರಪಾಲಿಕೆಗೆ ೨೦೦ ರೂಪಾಯಿ ದಂಡ ತೆರಬೇಕಿತ್ತು. ಒಂದು ಹೊತ್ತಿನ ಊಟದ ಹಣ ಲೆಕ್ಕ ಹಾಕಿ ಊರಿಗೆ ಕಳಿಸುವ ನಮ್ಮ ಮಾಣಿಗಳಿಗೆ ಆ ೨೦೦ ರೂಪಾಯಿ ಚಿಕ್ಕ ಮೊತ್ತವಲ್ಲ. ಮುಂದೆ ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ರೋಗವೇ ತೊಲಗಿತೆಂದು ಮಾತ್ರ ಅದು ಹೇಳಲಿಲ್ಲ.

ದಂಡ ಹೋದದ್ದು ಒಳ್ಳೆಯದೇ ಆಯಿತು. ಆದರೆ ದಂಡದ ಜೊತೆಗೆ ನಮ್ಮ ವಿವೇಕವೂ ಹೋಗಬೇಕೆ? ಈ ಪ್ರಶ್ನೆಯನ್ನು ಇಂದು ನಮ್ಮ ಬಂಧುಗಳ ಮುಂದೆ ಇಡಬಯಸುತ್ತೇವೆ. ಏಕೆಂದರೆ ಹೋಟೆಲುಗಳಲ್ಲಿಯೂ ಖೋಲಿಗಳಲ್ಲಿಯೂ ಈಗ ಕೇಳಿಬರುವ ಮಾತು ನಮಗೆ ಸರಿಯಾಗಿ ಕಾಣುವುದಿಲ್ಲ. ನೆಗಡಿ ಹಿಡಿದ ಹುಡುಗನೊಬ್ಬ ಮೂಗು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ನಿಂತರೆ, "ಏನೋ, ಇನ್ನೂ ಕೊರೋನಾ ಬಿಟ್ಟಿಲ್ಲವೇ ನಿನ್ನನ್ನು?" ಎಂದು ಜೊತೆಯವರು ನಗುತ್ತಾರೆ. ಗಲ್ಲೆಯ ಮೇಲೆ ಕುಳಿತ ಧಣಿಗಳು, "ಅದನ್ನು ತೆಗೆದಿಡು ಮಾರಾಯ, ಗಿರಾಕಿಗಳು ಇಲ್ಲಿ ರೋಗವಿದೆ ಎಂದು ತಿಳಿದಾರು" ಎನ್ನುತ್ತಾರೆ. ಹುಡುಗ ಗವುಸು ತೆಗೆದು ಜೇಬಿಗೆ ಹಾಕುತ್ತಾನೆ. ಕೆಮ್ಮು ಮಾತ್ರ ಜೇಬಿನಲ್ಲಿ ನಿಲ್ಲುವುದಿಲ್ಲ.

ಇದು ಹುಡುಗಾಟದ ವಿಷಯವಲ್ಲ. ಬಂಗಲೆಯಲ್ಲಿ ವಾಸಿಸುವವರಿಗೆ ನೆಗಡಿ ಬಂದರೆ ಬೇರೆ ಕೋಣೆಯಿದೆ, ಬೇರೆ ಹಾಸಿಗೆಯಿದೆ. ನಮ್ಮ ಮಾಣಿಗಳಲ್ಲಿ ಅನೇಕರು ಹೋಟೆಲಿನ ಮಾಳಿಗೆಯ ಮೇಲೆಯೋ ಹಿಂಬದಿಯ ಖೋಲಿಯಲ್ಲಿಯೋ ಚಾಪೆಗೆ ಚಾಪೆ ತಾಗಿಸಿ ಮಲಗುವವರು. ಬೆಳಗಿನ ಪಾಳಿಯವನು ಎದ್ದ ಜಾಗದಲ್ಲಿಯೇ ರಾತ್ರಿ ಪಾಳಿಯವನು ಮಲಗುವುದುಂಟು. ಅಲ್ಲಿ ಒಬ್ಬನ ಕೆಮ್ಮು ಒಬ್ಬನದಾಗಿ ಉಳಿಯುವುದಿಲ್ಲ. ದಿನಗೂಲಿಯ ಮೇಲೆ ದುಡಿಯುವವನು ನಾಲ್ಕು ದಿನ ಮಲಗಿದರೆ ನಾಲ್ಕು ದಿನದ ಸಂಬಳ ಹೋಯಿತು. ಬದಲಿ ಬಂದವನು ಅಲ್ಲಿಯೇ ನೆಲೆಯೂರಿದರೆ ಕೆಲಸವೂ ಹೋಯಿತು. ಆದುದರಿಂದ ಮುಖಗವುಸಿನ ಪ್ರಶ್ನೆ ನಮ್ಮ ಪಾಲಿಗೆ ಕೂಲಿಯ ಪ್ರಶ್ನೆಯೂ ಹೌದು.

ರೋಗಿಯೆಂದು ಬೆರಳು ತೋರಿಸಿಕೊಳ್ಳುವ ಸಂಕಟ ನಮ್ಮವರಿಗೆ ಹೊಸದಲ್ಲ. ೨೦೨೦ರ ಮಾರ್ಚ್ ಕೊನೆಯ ವಾರದಲ್ಲಿ ಹೋಟೆಲುಗಳ ಬಾಗಿಲು ಮುಚ್ಚಿ, ಲೋಕಲ್ ಗಾಡಿಗಳು ನಿಂತು, ಕೈಯಲ್ಲಿ ಕಾಸಿಲ್ಲದೆ ಊರಿನ ದಾರಿ ಹಿಡಿದವರು ಎಷ್ಟು ಮಂದಿ! ಅದೇ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ಕೆಲವು ದಿನ ಒಳಗೆ ಬಿಡಲಾಗದೆಂದು ಕರ್ನಾಟಕ ಸರಕಾರವೇ ತೀರ್ಮಾನಿಸಿತು. ಅದಕ್ಕೆ ಮೊದಲು ತಲುಪಿದ್ದವರು ಶಾಲೆಗಳಲ್ಲಿ ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿ ಮನೆಗೆ ಹೋದರೆ, "ಮುಂಬಯಿಯವರು ಬಂದರು" ಎಂದು ನೆರೆಮನೆಯ ಬಾಗಿಲು ಮುಚ್ಚುತ್ತಿತ್ತು. ವರ್ಷಗಟ್ಟಲೆ ಮನಿಯಾರ್ಡರು ಕಳಿಸಿದ ಮಗನನ್ನು ಊರು ಹಾಗೆ ಕಂಡಾಗ ಆದ ನೋವನ್ನು ನಮ್ಮವರು ಮರೆತಿಲ್ಲ. ಅದನ್ನು ಉಂಡ ನಾವೇ ಇಂದು ಗವುಸು ಹಾಕಿದ ಜೊತೆಗಾರನನ್ನು ನೋಡಿ ನಕ್ಕರೆ, ಬಾಗಿಲು ಮುಚ್ಚಿದ ಆ ನೆರೆಯವರಿಗೂ ನಮಗೂ ಏನು ಭೇದ?

ಅಪ್ಪಣೆಯಿಂದ ಬಂದ ಮುಖಗವುಸು ಅಪ್ಪಣೆಯ ಜೊತೆಗೇ ಹೋಗುವುದು ಹಳೆಯ ಕತೆ. ೧೯೧೮ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದವರು ಮುಖಗವುಸನ್ನು ಕಡ್ಡಾಯ ಮಾಡಿದರು. ಹಾಕದವರನ್ನು ಹಿಡಿದು ದಂಡ ಹಾಕಿದರು, ಜೈಲಿಗೂ ಕಳಿಸಿದರು. ನವೆಂಬರಿನಲ್ಲಿ ಆಜ್ಞೆ ಹಿಂದೆಗೆದಾಗ ಜನರು ಗವುಸುಗಳನ್ನು ಬೀದಿಗೆ ಎಸೆದು ಸಂಭ್ರಮಪಟ್ಟರು. ೧೯೧೯ರ ಜನವರಿಯಲ್ಲಿ ರೋಗ ಮತ್ತೆ ಏರಿ ಆಜ್ಞೆಯೂ ಮರಳಿದಾಗ, ಅದನ್ನು ವಿರೋಧಿಸುವುದಕ್ಕೆಂದೇ ಒಂದು ಸಂಘ ಹುಟ್ಟಿಕೊಂಡಿತು!

ಜಪಾನಿನಲ್ಲಿ ನಡೆದದ್ದು ಬೇರೆ. ನೆಗಡಿ ಬಂದವನು ಇನ್ನೊಬ್ಬರಿಗೆ ತಾಗದಿರಲೆಂದು ಮುಖ ಮುಚ್ಚಿಕೊಳ್ಳುವುದು ಅಲ್ಲಿ ಕೋವಿಡ್ಡಿಗೆ ಮೊದಲೇ ಇದ್ದ ನಡವಳಿಕೆ. ಕೋವಿಡ್ ಕಾಲದಲ್ಲಿ ಕೂಡ ಅಲ್ಲಿನ ಸರಕಾರವು ಜನರನ್ನು ಕೇಳಿಕೊಂಡಿತೇ ಹೊರತು ಗವುಸು ಹಾಕದ್ದಕ್ಕೆ ದಂಡ ಹಾಕಲಿಲ್ಲ. ೨೦೨೩ರ ಮಾರ್ಚ್ ೧೩ರಿಂದ ಅದನ್ನು ಜನರ ವಿವೇಚನೆಗೇ ಬಿಡಲಾಯಿತು. ಆಮೇಲೆಯೂ ಬಹಳ ಜನರು ರೈಲಿನಲ್ಲಿಯೂ ಕೆಲಸದ ಸ್ಥಳದಲ್ಲಿಯೂ ಅದನ್ನು ಬಿಡಲಿಲ್ಲ. ಹಾಕಿದವನನ್ನು ಅಲ್ಲಿ ಯಾರೂ ಕೆಕ್ಕರಿಸಿ ನೋಡುವುದಿಲ್ಲ. ನಾವು ಜಪಾನಿನವರಾಗಬೇಕಿಲ್ಲ. ಎಂಜಲು ಮಾಡಿದ ಲೋಟ ಇನ್ನೊಬ್ಬರಿಗೆ ಕೊಡಬಾರದು, ಹೊರಗಿನಿಂದ ಬಂದರೆ ಕಾಲು ತೊಳೆಯಬೇಕು ಎಂದು ನಮಗೆ ಯಾವ ಪೊಲೀಸರೂ ಕಲಿಸಲಿಲ್ಲ, ತಾಯಿ ಕಲಿಸಿದಳು. ಕೆಮ್ಮುವವನು ಬಾಯಿ ಮುಚ್ಚುವುದೂ ಅದೇ ಸಾಲಿಗೆ ಸೇರಬೇಕೆಂಬುದು ನಮ್ಮ ಅಭಿಪ್ರಾಯ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಊರಿಗೆ ಊರೇ ಗವುಸು ಹಾಕಿದರೆ ರೋಗ ಎಷ್ಟು ತಗ್ಗುತ್ತದೆ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಆದರೆ ಮುಖಕ್ಕೆ ಸರಿಯಾಗಿ ಕೂತ ಒಳ್ಳೆಯ ಗವುಸು ಕೆಮ್ಮಿನ ಹನಿಗಳನ್ನು ತಡೆಯುತ್ತದೆ ಎಂಬುದು ಆಸ್ಪತ್ರೆಗಳು ಬಹುಕಾಲದಿಂದ ಕಂಡುಕೊಂಡ ಸಂಗತಿ. ೧೯೧೦-೧೧ರಲ್ಲಿ ಚೀನಾದ ಮಂಚೂರಿಯಾ ಪ್ರಾಂತದಲ್ಲಿ ಪುಪ್ಪುಸದ ಪ್ಲೇಗು ಹಬ್ಬಿ ಸುಮಾರು ೬೦,೦೦೦ ಜನ ಸತ್ತರು. ಅದು ಉಸಿರಿನ ಮೂಲಕ ಹಬ್ಬುತ್ತದೆಂದು ಡಾಕ್ಟರ್ ವೂ ಲಿಯೆನ್-ತೆ ಅವರು ಕಂಡುಹಿಡಿದು, ಹತ್ತಿ ಮತ್ತು ಜಾಳಿಗೆಯ ಬಟ್ಟೆಯ ಅಗ್ಗದ ಗವುಸನ್ನು ಮಾಡಿಸಿದರು. ಮೆನ್ನಿ ಎಂಬ ಫ್ರೆಂಚ್ ವೈದ್ಯರು ಅವರ ಮಾತನ್ನು ತಳ್ಳಿಹಾಕಿ ಬರಿಮುಖದಿಂದ ರೋಗಿಗಳ ಬಳಿಗೆ ಹೋದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ಇಂದಿನ ಎನ್-೯೫ ಗವುಸು ಅತಿ ಸೂಕ್ಷ್ಮ ಕಣಗಳಲ್ಲಿಯೂ ನೂರಕ್ಕೆ ೯೫ನ್ನು ತಡೆಹಿಡಿಯುವಂಥದು. ಆಸ್ಪತ್ರೆಯ ನೀಲಿ ಗವುಸು ಅದಕ್ಕಿಂತ ಕಡಿಮೆ, ಸಾದಾ ಬಟ್ಟೆಯದು ಇನ್ನೂ ಕಡಿಮೆ. ಗದ್ದದ ಕೆಳಗೆ ಇಳಿಬಿಟ್ಟದ್ದು, ಬೆವರಿನಿಂದ ತೊಯ್ದು ಮುದ್ದೆಯಾದದ್ದು ಏನೂ ಅಲ್ಲ.

ಹಾಗೆಂದು ಎಲ್ಲರೂ ಎಲ್ಲ ಹೊತ್ತಿನಲ್ಲಿಯೂ ಮುಖ ಕಟ್ಟಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ. ದೋಸೆ ಕಲ್ಲಿನ ಮುಂದೆ ನಿಂತ ಭಟ್ಟರ ಅವಸ್ಥೆ ನಮಗೆ ಗೊತ್ತು. ಆ ಝಳದಲ್ಲಿ, ಒಗ್ಗರಣೆಯ ಘಾಟಿನಲ್ಲಿ ಎಂಟು ಗಂಟೆ ಗವುಸು ಹಾಕಿ ನಿಲ್ಲಿರೆಂದು ತಣ್ಣನೆಯ ಕೋಣೆಯಲ್ಲಿ ಕೂತವರು ಹೇಳಬಹುದು, ನಾವು ಹೇಳಲಾರೆವು. ಅಲ್ಲಿ ಬೇಕಾದದ್ದು ಹೊಗೆ ಎಳೆಯುವ ಫ್ಯಾನು, ತೆರೆದ ಕಿಟಕಿ, ನಡುವೆ ಸ್ವಲ್ಪ ಬಿಡುವು. ನಾವು ಹೇಳುವುದಿಷ್ಟೇ: ಜ್ವರ ಕೆಮ್ಮು ಇದ್ದವನು ಆದಷ್ಟು ಕೆಲಸಕ್ಕೆ ನಿಲ್ಲಬಾರದು, ನಿಲ್ಲಲೇಬೇಕಾಗಿ ಬಂದರೆ, ಖೋಲಿಯಲ್ಲಿ ಹತ್ತು ಜನರ ನಡುವೆ ಇರಬೇಕಾಗಿ ಬಂದರೆ, ಮುಖ ಮುಚ್ಚಿಕೊಳ್ಳಲಿ. ಮಧುಮೇಹವೋ ದಮ್ಮೋ ಇದ್ದು ತನ್ನ ರಕ್ಷಣೆಗೆಂದು ಗಾಡಿಯ ನೂಕುನುಗ್ಗಲಿನಲ್ಲಿ ಹಾಕಿಕೊಳ್ಳುವವನು ಹಾಕಿಕೊಳ್ಳಲಿ. ಆರೋಗ್ಯವಾಗಿದ್ದು ಬೇಡವೆನ್ನುವವನು ಬಿಡಲಿ. ಒಬ್ಬರು ಇನ್ನೊಬ್ಬರನ್ನು ಹಳಿಯುವುದು ಬೇಡ.

ಮುಖಗವುಸಿನ ಹೆಸರಿನಲ್ಲಿ ಇನ್ನೊಂದು ಮೋಸ ನಡೆಯಬಾರದು. ಇದನ್ನು ನಮ್ಮ ಗಿರಣಿ ಬಂಧುಗಳು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ೧೯೮೨ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಇಂದು ಮಾಲುಗಳೂ ಗೋಪುರಗಳೂ ಎದ್ದಿವೆ. ಆದರೆ ಬ್ಲೋ ರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ದುಡಿದವರ ಎದೆಯೊಳಗಿನ ಹತ್ತಿಯ ಧೂಳು ಗಿರಣಿಯ ಜೊತೆಗೆ ಹೋಗಲಿಲ್ಲ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ನಿಂತರೆ ಎದೆ ಬಿಗಿಯುವ ಆ ಕಾಯಿಲೆಗೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ೧೯೪೮ರ ಕಾರ್ಖಾನೆ ಕಾನೂನಿನಲ್ಲಿ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿತ್ತು. ಮೂಗಿಗೆ ಕಟ್ಟಿದ ಕರವಸ್ತ್ರ ಆ ಸೂಕ್ಷ್ಮ ಧೂಳನ್ನು ತಡೆಯಲಾರದು. ಧೂಳನ್ನು ಹುಟ್ಟಿದಲ್ಲಿಯೇ ಎಳೆದುಕೊಳ್ಳುವ ಯಂತ್ರ ಬೇಕು, ಅದನ್ನು ಹಾಕಿಸುವ ಹೊಣೆ ಮಾಲಕರದು. ಸೊಲ್ಲಾಪುರ, ಇಚಲಕರಂಜಿ, ಭಿವಂಡಿಗಳಲ್ಲಿ ಇಂದಿಗೂ ಯಂತ್ರಮಗ್ಗದ ಮುಂದೆ ನಿಂತವರಿಗೆ ಈ ಮಾತು ಹಳೆಯದಲ್ಲ. ಕೆಲಸಗಾರನ ಕೈಗೆ ಒಂದು ಗವುಸು ಕೊಟ್ಟು ತನ್ನ ಹೊಣೆ ತೀರಿತೆನ್ನುವ ಧಣಿಯನ್ನು ನಂಬಬೇಡಿ.

ಹೋಟೆಲಿನಲ್ಲಿಯೂ ಹಾಗೆಯೇ. ಆಹಾರ ಸುರಕ್ಷತೆಯ ೨೦೧೧ರ ನಿಯಮಾವಳಿಯು ಏನು ಹೇಳುತ್ತದೆ? ಅಡಿಗೆ ಬಡಿಸುವ ಕೆಲಸದವರಿಗೆ ಶುಚಿಯಾದ ಉಡುಪು, ತಲೆಗವುಸು, ಮುಖಗವುಸು, ಕೈಗವುಸುಗಳನ್ನು ಒದಗಿಸತಕ್ಕದ್ದು ಉದ್ಯಮ ನಡೆಸುವವರೇ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸತಕ್ಕದ್ದು. ಅಂಟುರೋಗವಿರುವವನನ್ನು ಆಹಾರ ಮುಟ್ಟುವ ಜಾಗಕ್ಕೆ ಬಿಡತಕ್ಕದ್ದಲ್ಲ. ಹಾಗಿದ್ದ ಮೇಲೆ, "ಗಿರಾಕಿಗಳು ಹೆದರಿಯಾರು, ಗವುಸು ತೆಗೆ" ಎನ್ನುವ ಅಧಿಕಾರ ಗಲ್ಲೆಗೆ ಎಲ್ಲಿಂದ ಬಂತು? ಹಾಗೆಯೇ, ಒಂದು ಗವುಸಿನ ದುಡ್ಡನ್ನು ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವುದೂ ನ್ಯಾಯವಲ್ಲ.

ಕಾಯಿಲೆಯಾದವನಿಗೆ ಗವುಸಿಗಿಂತ ಮೊದಲು ಬೇಕಾದದ್ದು ರಜೆ. ಮಹಾರಾಷ್ಟ್ರದ ೨೦೧೭ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ತನ್ನ ವ್ಯಾಪ್ತಿಗೆ ಬರುವ ಕೆಲಸಗಾರನಿಗೆ ವರ್ಷಕ್ಕೆ ೮ ದಿನ ಸಂಬಳಸಹಿತ ಸಾಂದರ್ಭಿಕ ರಜೆ ಕೊಟ್ಟಿದೆ. ಇ.ಎಸ್.ಐ.ಗೆ ವಂತಿಗೆ ಸರಿಯಾಗಿ ಸಲ್ಲುತ್ತಿದ್ದರೆ, ಕಾಯಿಲೆಯ ಕಾಲಕ್ಕೆ ಕೂಲಿಯ ನೂರಕ್ಕೆ ೭೦ರಂತೆ ವರ್ಷಕ್ಕೆ ೯೧ ದಿನಗಳವರೆಗೆ ಭತ್ಯೆ ಪಡೆಯಬಹುದು. ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಹೆಸರು ಇ.ಎಸ್.ಐ.ಯಲ್ಲಿ ಇದೆಯೋ ಇಲ್ಲವೋ ಎಂಬುದಾದರೂ ತಿಳಿದಿದೆ? ತಿಳಿಯದವರು ನಾಳೆಯೇ ಧಣಿಗಳನ್ನು ಕೇಳಿರಿ. ಅವರು ಉತ್ತರ ಕೊಡದಿದ್ದರೆ ಸಂಘದ ಕಚೇರಿಗೆ ಬನ್ನಿ. ಅರ್ಜಿ ಬರೆದುಕೊಡುವವರು ಇಲ್ಲಿದ್ದಾರೆ.

ಕೊನೆಯದಾಗಿ, ಕೋವಿಡ್ಡಿಗಿಂತ ಹಳೆಯ ಶತ್ರುವೊಂದು ನಮ್ಮ ಖೋಲಿಗಳಲ್ಲಿಯೇ ಇದೆ. ಅದು ಕ್ಷಯ. ಅದೂ ಗಾಳಿಯಿಂದಲೇ ಹಬ್ಬುವುದು. ಎರಡು ವಾರ ಮೀರಿದ ಕೆಮ್ಮನ್ನು ನೆಗಡಿಯೆಂದು ತಳ್ಳಿಹಾಕಬೇಡಿ. ಸರಕಾರಿ ದವಾಖಾನೆಯಲ್ಲಿ ತಪಾಸಣೆಯೂ ಔಷಧವೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳಿಗೆ ೫೦೦ ರೂಪಾಯಿಯನ್ನು ೨೦೨೪ರ ನವೆಂಬರಿನಿಂದ ೧,೦೦೦ಕ್ಕೆ ಏರಿಸಿದ್ದಾರೆ. ಸರಿಯಾದ ಔಷಧ ಹಿಡಿದ ಕೆಲವು ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ; ಆ ಮೊದಲ ವಾರಗಳಲ್ಲಿ ರೋಗಿಯು ಗವುಸು ಹಾಕಿದರೆ ಪಕ್ಕದ ಚಾಪೆಯವನು ಉಳಿಯುತ್ತಾನೆ. ಆದರೆ ಗವುಸು ಕಂಡರೆ ಜೊತೆಯವರು ನಗುವರೆಂದು, ಧಣಿಗಳು ಕೆಲಸದಿಂದ ತೆಗೆಯುವರೆಂದು ಅವನು ಹೆದರಿದರೆ, ಗವುಸನ್ನೂ ಹಾಕುವುದಿಲ್ಲ, ದವಾಖಾನೆಗೂ ಹೋಗುವುದಿಲ್ಲ. ನಮ್ಮ ಒಂದು ನಗೆಯ ಬೆಲೆ ಇಷ್ಟು ದೊಡ್ಡದು.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇದು: ಮುಖ ಮುಚ್ಚಿದ ಜೊತೆಗಾರನನ್ನು ಕಂಡರೆ ನಗಬೇಡಿ. "ಹುಷಾರಿದ್ದೀಯೇನಪ್ಪ, ಗಂಜಿ ಕುಡಿದೆಯಾ?" ಎಂದು ಕೇಳಿ. ಅವನ ಪಾಳಿಯನ್ನು ಒಂದು ದಿನ ನೀವು ಹೊತ್ತುಕೊಳ್ಳಿ. ನಿಮ್ಮದನ್ನು ಇನ್ನೊಂದು ದಿನ ಅವನು ಹೊತ್ತಾನು. ಧಣಿಗಳು ಗವುಸು ತೆಗೆಯೆಂದರೆ, ಒಬ್ಬನೇ ನಿಂತು ವಾದಿಸಲು ಅವನನ್ನು ಬಿಡಬೇಡಿ; ನಾಲ್ವರು ಕೂಡಿ ಮಾತನಾಡಿ. ಸರಕಾರದ ದಂಡಕ್ಕೆ ಹೆದರಿ ಮಾಡಿದ್ದನ್ನು ಜೊತೆಯವನ ಮೇಲಿನ ಮಮತೆಯಿಂದ ಮಾಡಲಾರೆವೆ? ಮಾಡಬಲ್ಲೆವೆಂದೇ ನಮ್ಮ ನಂಬಿಕೆ.