ಒಂದೇ ಊರು, ಒಂದೇ ಮನೆ, ಒಂದು ವಾರ: ಫ್ರಾನ್ಸ್ ನಮಗೂ ಎಟುಕುತ್ತದೆ

ಹೊಗೆಸೊಪ್ಪಿನ ಹರಾಜು ಮುಗಿದು, ಭತ್ತದ ದುಡ್ಡೂ ಕೈಸೇರಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೊರದೇಶ ನೋಡಿಬರಬೇಕೆಂಬ ಆಸೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಲ್ಲೂ ಇದೆ. ಮೇಷ್ಟ್ರ ಮನೆಯಲ್ಲಿದೆ, ಅಂಗಡಿಯವರ ಮನೆಯಲ್ಲಿದೆ, ನಾಲ್ಕು ಎಕರೆ ರೈತನ ಮನೆಯಲ್ಲೂ ಇದೆ. ಪ್ಯಾರಿಸ್ ಅಂದ ಕೂಡಲೇ ಅದು ನಮ್ಮಂಥವರಿಗಲ್ಲ ಎಂದು ಕೈಚೆಲ್ಲುವವರು ಕೆಲವರು. ಒಡವೆ ಅಡವಿಟ್ಟು, ಹತ್ತು ದಿನಕ್ಕೆ ಆರು ದೇಶ ತೋರಿಸುವ ಪ್ಯಾಕೇಜಿಗೆ ದುಡ್ಡು ಕಟ್ಟುವವರು ಇನ್ನು ಕೆಲವರು. ಈ ಎರಡೂ ಬೇಡ ಎನ್ನುವುದು ನನ್ನ ಮಾತು. ಒಂದೇ ಊರಿನಲ್ಲಿ, ಒಂದೇ ಮನೆ ಬಾಡಿಗೆಗೆ ಹಿಡಿದು, ಒಂದು ವಾರ ಇದ್ದು ಬನ್ನಿ. ದುಡ್ಡೂ ಉಳಿಯುತ್ತದೆ, ಊರೂ ಕಣ್ತುಂಬ ಕಾಣುತ್ತದೆ.

ಮೊದಲು ಕಾಲ ಗೊತ್ತುಮಾಡಿಕೊಳ್ಳಬೇಕು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ಬಾಗಿಲು ಹಾಕಿ, ಮಕ್ಕಳ ಪರೀಕ್ಷೆ ಮುಗಿದು, ಹೊಗೆಸೊಪ್ಪಿನ ನಾಟಿ ಇನ್ನೂ ಶುರುವಾಗದ ಸಮಯವೆಂದರೆ ಏಪ್ರಿಲ್‌ನ ಎರಡನೇ ಭಾಗ. ಕೆ.ಆರ್. ನಗರದ ನಾಲೆ ಬಯಲಿನಲ್ಲೂ ಆಗ ಕೆಲಸದ ಒತ್ತಡ ಕಡಿಮೆ. ಪ್ಯಾರಿಸ್‌ನಲ್ಲಿ ಅದು ವಸಂತ: ಹಗಲು ತಣ್ಣಗೆ ಹಿತವಾಗಿರುತ್ತದೆ, ಆಗೀಗ ಮಳೆ ಹನಿಯುತ್ತದೆ, ಜುಲೈ-ಆಗಸ್ಟ್‌ನ ನೂಕುನುಗ್ಗಲು ಇರುವುದಿಲ್ಲ. ಸಸಿಮಡಿಗೆ ನೀರು ಹಾಕಲು, ದನಕರು ನೋಡಿಕೊಳ್ಳಲು ಒಬ್ಬರನ್ನು ಒಪ್ಪಿಸಿ ಹೋದರೆ ಸಾಕು. ಬೇಸಾಯದ ಮನೆಯವರು ಒಂದು ವಾರಕ್ಕಿಂತ ಹೆಚ್ಚು ಊರು ಬಿಡುವುದು ಕಷ್ಟ, ಬಿಡಬೇಕಾಗಿಯೂ ಇಲ್ಲ.

ಏಪ್ರಿಲ್‌ನಲ್ಲಿ ಹೊರಡುವವರು ಹಿಂದಿನ ನವೆಂಬರ್‌ನಲ್ಲೇ ಪಾಸ್‌ಪೋರ್ಟ್ ಕೆಲಸ ಹಚ್ಚಿಕೊಳ್ಳಬೇಕು. ದೊಡ್ಡವರಿಗೆ ಶುಲ್ಕ 1,500 ರೂಪಾಯಿ, ಮಕ್ಕಳಿಗೆ 1,000. ದುಡ್ಡಿಗಿಂತ ಕಾಡುವುದು ಹೆಸರು. ಆಧಾರ್‌ನಲ್ಲಿ ಎರಡು ಇನಿಷಿಯಲ್, ಶಾಲೆಯ ಟಿಸಿಯಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು, ಪಹಣಿಯಲ್ಲಿ ತುದಿಗೆ ಗೌಡ ಸೇರಿದ್ದು: ಒಬ್ಬರಿಗೇ ಮೂರು ಹೆಸರಿರುವುದು ನಮ್ಮಲ್ಲಿ ಮಾಮೂಲು. ಇದನ್ನು ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ವೀಸಾ ಅರ್ಜಿಯಲ್ಲೂ, ವಿಮಾನದ ಟಿಕೆಟ್‌ನಲ್ಲೂ ಅಕ್ಷರ ಬಿಡದೆ ಇರಬೇಕು.

ಮುಂದಿನದು ಷೆಂಗೆನ್ ವೀಸಾ. ಫ್ರಾನ್ಸ್ ಕೊಡುವ ಈ ವೀಸಾಕ್ಕೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಹದಿನೈದು ದಿನ ಮುಂಚೆಯಾದರೂ ಕೊಟ್ಟಿರಲೇಬೇಕು. ಕೊನೆ ಗಳಿಗೆಗೆ ಇಟ್ಟುಕೊಳ್ಳದೆ ಫೆಬ್ರುವರಿಯಲ್ಲೇ ಕೊಟ್ಟುಬಿಡಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರು ದಾಟಿ ಹನ್ನೆರಡು ತುಂಬದ ಮಕ್ಕಳಿಗೆ 45, ಆರರ ಒಳಗಿನವರಿಗೆ ಇಲ್ಲ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಹನ್ನೆರಡು ತುಂಬಿದವರೆಲ್ಲ ಬೆರಳಚ್ಚು ಕೊಡಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಲಾಗದ ಟಿಕೆಟ್ಟನ್ನಾಗಲಿ, ರೂಮನ್ನಾಗಲಿ ಕೊಳ್ಳಬೇಡಿ.

ನಮ್ಮ ರೈತ ಕುಟುಂಬಗಳು ತಡವರಿಸುವುದು ಆದಾಯದ ದಾಖಲೆಯ ಹತ್ತಿರ. ವೀಸಾ ಅಧಿಕಾರಿ ಐಟಿ ರಿಟರ್ನ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ನಮ್ಮಲ್ಲಿ ಬಹಳ ಜನ ರಿಟರ್ನ್ ಹಾಕಿದವರೇ ಅಲ್ಲ. ಹಾಗೆಂದು ಹೆದರಬೇಕಾಗಿಲ್ಲ. ತಂಬಾಕು ಮಂಡಳಿಯಲ್ಲಿ ನೋಂದಾಯಿಸಿದ ಬೆಳೆಗಾರನ ಬಳಿ ಪಟ್ಟಣದ ಎಷ್ಟೋ ವ್ಯಾಪಾರಿಗಳ ಬಳಿ ಇಲ್ಲದ ಪುರಾವೆ ಇದೆ: ಹರಾಜಿನಲ್ಲಿ ಯಾವ ದಿನ, ಎಷ್ಟು ಕೆಜಿ, ಯಾವ ದರಕ್ಕೆ ಹೋಯಿತೆಂಬ ಬಿಲ್ಲು, ಅದೇ ಹಣ ಬ್ಯಾಂಕಿಗೆ ಜಮಾ ಆದ ದಾಖಲೆ. ಆ ಬಿಲ್ಲು, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಜೋಡಿಸಿ, ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಆದಾಯ ಎಲ್ಲಿಂದ ಬರುತ್ತದೆಂದು ವಿವರಿಸುವ ಒಂದು ಪುಟದ ಪತ್ರ ಇಡಿ. ಆಡಿಟರ್ ಹತ್ತಿರ ಕೇಳಿ, ಕೃಷಿ ಆದಾಯ ತೋರಿಸಿ ರಿಟರ್ನ್ ಹಾಕಿಸಿದರೆ ಇನ್ನೂ ಗಟ್ಟಿ.

ಹರಾಜಿನ ದುಡ್ಡು ಬಂದ ವಾರವೇ ಪೂರ್ತಿ ನಗದಾಗಿ ತೆಗೆದುಬಿಡುವ ರೂಢಿಯನ್ನು ಆ ವರ್ಷಕ್ಕಾದರೂ ಬಿಡಿ. ಹೋಟೆಲ್ ಬುಕಿಂಗ್ ಇದ್ದರೆ ಒಬ್ಬರಿಗೆ ದಿನಕ್ಕೆ 65 ಯೂರೋ ಖರ್ಚಿನ ಶಕ್ತಿ ತೋರಿಸಬೇಕು ಎಂಬುದು ಫ್ರಾನ್ಸ್‌ನ ಅಳತೆ. ನಾಲ್ಕು ಜನ, ಏಳು ದಿನವೆಂದರೆ 1,820 ಯೂರೋ, ಅಂದರೆ ಸುಮಾರು 1.9 ಲಕ್ಷ ರೂಪಾಯಿ. ಅದು ಖಾತೆಯಲ್ಲಿ ಮೂರು ತಿಂಗಳು ನೆಮ್ಮದಿಯಾಗಿ ಕೂತಿರಬೇಕು. ಅರ್ಜಿಗೆ ಹಿಂದಿನ ವಾರ ಭಾವಮೈದನಿಂದ ಎರಡು ಲಕ್ಷ ಹಾಕಿಸಿಕೊಂಡರೆ ಸ್ಟೇಟ್‌ಮೆಂಟ್ ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸುಳ್ಳು ಸಂಬಳದ ಚೀಟಿ ಮಾಡಿಕೊಡುತ್ತೇನೆ ಎನ್ನುವ ಏಜೆಂಟರ ಹತ್ತಿರವಂತೂ ಸುಳಿಯಬೇಡಿ. ಒಮ್ಮೆ ನಕಲಿ ದಾಖಲೆ ಸಿಕ್ಕಿಬಿದ್ದರೆ ಮುಂದೆ ಮಕ್ಕಳ ಓದಿಗೂ ಅದು ಅಡ್ಡ ಬರುತ್ತದೆ.

ಈಗ ಖರ್ಚಿನ ಲೆಕ್ಕ. ಗಂಡ, ಹೆಂಡತಿ, ಹದಿಮೂರರ ಮಗಳು, ಒಂಬತ್ತರ ಮಗ ಎಂದುಕೊಳ್ಳೋಣ. ಸೋಮವಾರ ಬೆಳಿಗ್ಗೆ ಇಳಿದು ಭಾನುವಾರ ಹೊರಡುವುದು: ಏಳು ದಿನ, ಆರು ರಾತ್ರಿ. ಯೂರೋಗೆ 105 ರೂಪಾಯಿ ಹಿಡಿದಿದ್ದೇನೆ. ಗಲ್ಫ್ ಮೂಲಕ ಹೋಗುವ ವಿಮಾನಕ್ಕೆ ತಲೆಗೆ 65,000 ಎಂದರೆ 2.6 ಲಕ್ಷ. ಬೆಂಗಳೂರಿನಿಂದ ನೇರ ವಿಮಾನವೂ ಇದೆ, ಎರಡರ ದರವನ್ನೂ ಜನವರಿಯಿಂದಲೇ ನೋಡುತ್ತಿರಿ. ವೀಸಾ ಶುಲ್ಕ 315 ಯೂರೋ, ಸೇವಾ ಶುಲ್ಕ ಸೇರಿ 41,000 ರೂಪಾಯಿ. ಅಡುಗೆಮನೆ ಇರುವ ಚಿಕ್ಕ ಮನೆ ರಾತ್ರಿಗೆ 120 ಯೂರೋನಂತೆ 76,000. ಓಡಾಟಕ್ಕೆ 16,000. ದಿನಕ್ಕೆ 50 ಯೂರೋನಂತೆ ಊಟತಿಂಡಿಗೆ 37,000. ನೋಡುವ ಜಾಗಗಳ ಟಿಕೆಟ್ಟಿಗೆ 19,000. ವಿಮೆ, ಪಾಸ್‌ಪೋರ್ಟ್ ಸೇರಿ 10,000. ವಿಮಾನ ನಿಲ್ದಾಣದ ಬಸ್ಸು, ಸಿಮ್, ಚಿಲ್ಲರೆ ಖರ್ಚು 15,000. ಒಟ್ಟು 4.75 ಲಕ್ಷದ ಸುತ್ತ ಬರುತ್ತದೆ. ಕಷ್ಟಕಾಲಕ್ಕೆಂದು 50,000 ಬೇರೆ ಇಟ್ಟರೆ ಐದೂಕಾಲು ಲಕ್ಷ. ದೊಡ್ಡ ಮೊತ್ತವೇ. ಆದರೆ ಎರಡು-ಮೂರು ವರ್ಷ ಚೀಟಿ ಕಟ್ಟಿಯೋ, ಆರ್‌ಡಿ ಮಾಡಿಯೋ ಕೂಡಿಸಬಹುದಾದ ಮೊತ್ತ.

ಪ್ಯಾಕೇಜಿನಲ್ಲಿ ಹೋದರೆ ಈ ಹಣದ ಬಹುಪಾಲು ಬಸ್ಸಿನಲ್ಲಿ ಕೂರುವುದಕ್ಕೇ ಹೋಗುತ್ತದೆ. ಒಂದೊಂದು ರಾತ್ರಿಗೆ ಒಂದೊಂದು ಊರು, ಬೆಳಗಾದರೆ ಪೆಟ್ಟಿಗೆ ಕಟ್ಟುವುದು. ಅದರ ಜೊತೆಗೆ ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದನ್ನು ವಾಪಸ್ ಪಡೆಯಲು ರಿಟರ್ನ್ ಹಾಕಬೇಕು. ನಾವೇ ಬುಕ್ ಮಾಡಿಕೊಂಡು ಒಂದೇ ಕಡೆ ತಂಗಿದರೆ ಈ ಯಾವ ರಗಳೆಯೂ ಇಲ್ಲ.

ಸೋಮವಾರವೇ ಇಳಿಯಿರಿ ಎಂದದ್ದಕ್ಕೆ ಕಾರಣವಿದೆ. ಪ್ಯಾರಿಸ್‌ನ ನಾವಿಗೊ ವಾರದ ಪಾಸ್ ಸೋಮವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಬೆಲೆ ಸುಮಾರು 32 ಯೂರೋ, ಕಾರ್ಡಿಗೆ ಇನ್ನೊಂದು 5. ಮೆಟ್ರೊ, ಬಸ್ಸು, ಸ್ಥಳೀಯ ರೈಲು, ವಿಮಾನ ನಿಲ್ದಾಣದ ರೈಲು ಎಲ್ಲಕ್ಕೂ ಅದೊಂದೇ ಸಾಕು. ಗುರುವಾರ ಇಳಿದವರಿಗೆ ಅದೇ ಪಾಸು ನಾಲ್ಕೇ ದಿನ ಬರುತ್ತದೆ. ಕಾರ್ಡಿಗೆ ಅಂಟಿಸಲು ಚಿಕ್ಕ ಭಾವಚಿತ್ರ ಬೇಕು. ಇಲ್ಲಿಂದಲೇ ತೆಗೆಸಿಕೊಂಡು ಹೋಗಿ.

ಊಟದ ಚಿಂತೆ ಹೆಚ್ಚು ಬೇಡ. ಅಡುಗೆಮನೆ ಇದ್ದರೆ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಮನೆಯಲ್ಲೇ ಆಗುತ್ತದೆ. ಮಧ್ಯಾಹ್ನಕ್ಕೆ ಬೇಕರಿಯ ಉದ್ದ ಬ್ರೆಡ್ಡು ಬಾಗೆತ್, ಚೀಸು, ಹಣ್ಣು. ಗಾರ್ ದು ನಾರ್ ರೈಲು ನಿಲ್ದಾಣದ ಪಕ್ಕದ ಲಾ ಶಾಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಹೋಟೆಲುಗಳಿವೆ. ಇಡ್ಲಿ, ದೋಸೆ ಸಿಗುತ್ತದೆ, ದಿನಸಿ ಅಂಗಡಿಗಳೂ ಇವೆ, ಅಲ್ಲೇ ಹತ್ತಿರ ಗಣಪತಿಯ ದೇವಸ್ಥಾನವೂ ಇದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಹೋಟೆಲಿನಲ್ಲಿ ಹೂಜಿ ನೀರು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ಬಾಟಲಿ ನೀರು ಕೊಳ್ಳುವುದು ದುಡ್ಡು ದಂಡ. ಚಟ್ನಿಪುಡಿ, ಅವಲಕ್ಕಿ, ರಾಗಿ ಹಿಟ್ಟು ಒಯ್ಯಿರಿ. ತುಪ್ಪ, ಪೇಡ, ಹಾಲಿನ ಪುಡಿ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಮಾವಿನಹಣ್ಣು, ವೀಳ್ಯದೆಲೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಅವನ್ನು ಇಲ್ಲೇ ಬಿಡಿ.

ನೋಡುವ ಜಾಗಗಳ ವಿಚಾರದಲ್ಲಿ ಮಕ್ಕಳೊಂದಿಗೆ ಹೋಗುವವರಿಗೆ ಅದೃಷ್ಟವಿದೆ. ಲೂವ್ರ್, ಓರ್ಸೆ ಮ್ಯೂಸಿಯಂಗಳು, ವರ್ಸೈಲ್ಸ್ ಅರಮನೆ ಮೂರರಲ್ಲೂ ಹದಿನೆಂಟರ ಒಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ದೊಡ್ಡವರಿಗೆ ಮಾತ್ರ ಲೂವ್ರ್ ದುಬಾರಿ: 2026ರ ಜನವರಿಯಿಂದ ಯೂರೋಪಿನ ಹೊರಗಿನವರಿಗೆ 32 ಯೂರೋ. ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೆ ಮತ್ತು ವರ್ಸೈಲ್ಸ್‌ಗೆ ಸೋಮವಾರ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚಿಗೆ ಟಿಕೆಟ್ಟೇ ಇಲ್ಲ. ಐಫೆಲ್ ಗೋಪುರದ ಎರಡನೇ ಅಂತಸ್ತಿಗೆ ಮೆಟ್ಟಿಲು ಹತ್ತಿ ಹೋದರೆ ಲಿಫ್ಟಿಗಿಂತ ಅಗ್ಗ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಕಾಲುಗಳಿಗೆ ಅದೇನೂ ಭಾರವಲ್ಲ. ಐಫೆಲ್‌ಗೆ 2024ರಿಂದ ನಮ್ಮ ಯುಪಿಐನಲ್ಲೂ ಟಿಕೆಟ್ ಕೊಳ್ಳಬಹುದು. ಐಫೆಲ್ ಸುತ್ತ, ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟನ್ನು ಅಂಗಿಯ ಒಳಗೆ ಇಟ್ಟುಕೊಳ್ಳಿ, ಅದರ ನಕಲು ಬೇರೆ ಚೀಲದಲ್ಲಿರಲಿ. ಆಪತ್ತಿಗೆ 112.

ಒಂದು ದಿನ ವರ್ಸೈಲ್ಸ್‌ಗೆ ಮೀಸಲಿಡಿ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್ 10ರಂದು ಇದೇ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರು ಅದು ಸಿಗದೆ ಮರಳಿದರು. ಮರುವರ್ಷವೇ ಅಲ್ಲಿ ಕ್ರಾಂತಿಯಾಯಿತು. ಆ ಮೂವರಲ್ಲಿ ಒಬ್ಬರಾದ ಮಹಮ್ಮದ್ ದರ್ವೇಶ್ ಖಾನರ ಆಳೆತ್ತರದ ಚಿತ್ರವನ್ನು ವಿಜೇ ಲ ಬ್ರೂನ್ ಎಂಬ ಹೆಸರಾಂತ ಕಲಾವಿದೆ ಬರೆದಳು. ನಮ್ಮ ಪಕ್ಕದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದೂ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ನೆಲೆಸಿ, ಸಿಡುಬಿನ ಲಸಿಕೆ ಹಾಕಿಸಲು ಮೈಸೂರು ಸೀಮೆಯಲ್ಲಿ ಓಡಾಡಿದ ಪಾದ್ರಿ ಅಬ್ಬೆ ದುಬ್ವಾ 1848ರಲ್ಲಿ ತೀರಿಕೊಂಡದ್ದು ಪ್ಯಾರಿಸ್‌ನಲ್ಲಿ. ಹೊರಡುವ ಮುಂಚೆ ಮಕ್ಕಳಿಗೆ ಇದನ್ನೆಲ್ಲ ಹೇಳಿ. ಹರ್ಕ್ಯುಲಿಸ್ ಸಭಾಂಗಣದಲ್ಲಿ ನಿಂತಾಗ ಆ ಅರಮನೆ ಅವರಿಗೆ ಪರದೇಶದ ಕಟ್ಟಡವಾಗಿ ಕಾಣುವುದಿಲ್ಲ, ತಮ್ಮ ಸೀಮೆಯ ಚರಿತ್ರೆಯ ಒಂದು ತುಂಡಾಗಿ ಕಾಣುತ್ತದೆ.

ಇನ್ನೊಂದು ದಿನ ಪ್ರೊವೆನ್ ಎಂಬ ಹಳೇ ಕೋಟೆಯ ಊರಿಗೆ ಹೋಗಿ. ಯುನೆಸ್ಕೊ ಪಟ್ಟಿಯಲ್ಲಿರುವ ಊರು, ಅದೇ ವಾರದ ಪಾಸಿನಲ್ಲಿ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಸಿಗುತ್ತದೆ. ದಾರಿಯುದ್ದಕ್ಕೂ ಬ್ರೀ ಸೀಮೆಯ ಹೊಲಗಳು. ಬೇಸಾಯ ಮಾಡುವವರು ಕಿಟಕಿಯ ಪಕ್ಕ ಕೂತು ಅವರ ಹೊಲದ ಅಳತೆ, ಅವರ ಯಂತ್ರಗಳನ್ನು ನೋಡಬೇಕು. ಪ್ಯಾಕೇಜಿನ ಬಸ್ಸುಗಳು ಮುಟ್ಟದ ಫ್ರಾನ್ಸ್ ಅದು.

ಕೊನೆಗೆ ಎರಡು ಮಾತು. ಒಂದು, ನಮ್ಮ ಜನಪ್ರತಿನಿಧಿಗಳಿಗೆ. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೊಡುವ ಪ್ರಯೋಗ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ ಎರಡು ಊರುಗಳಲ್ಲಿ ಮೈಸೂರು ಒಂದು, ಗುಜರಾತಿನ ದಾಹೋದ್ ಇನ್ನೊಂದು. ಅದರಿಂದ ನಮಗೆ ಬೆಂಗಳೂರಿನ ಓಡಾಟ ತಪ್ಪಿತು. ಆದರೆ ಕೇರಳ ಗಡಿಯ ಡಿ.ಬಿ. ಕುಪ್ಪೆಯಿಂದ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಬಂದು ಹೋಗುವವರಿಗೆ ಇವತ್ತಿಗೂ ಒಂದು ದಿನದ ಕೂಲಿ, ಕೆಲಸ ಎರಡೂ ಹೋಗುತ್ತದೆ. ಉಪವಿಭಾಗ ಕೇಂದ್ರವಾದ ಹುಣಸೂರಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಪಾಸ್‌ಪೋರ್ಟ್ ಶಿಬಿರ ನಡೆಯಲಿ. ಪ್ರವಾಸಕ್ಕೆ ಹೋಗುವವರಿಗಷ್ಟೇ ಅಲ್ಲ, ಓದಲು, ದುಡಿಯಲು ಹೊರಡುವ ಮಕ್ಕಳಿಗೂ ಅದು ಬೇಕು.

ಇನ್ನೊಂದು, ಓದುಗರಿಗೆ. ಸಾಲ ಮಾಡಿ ಹೋಗಬೇಡಿ. ಒಡವೆ ಬ್ಯಾಂಕಿನಲ್ಲಿದ್ದರೆ ಐಫೆಲ್ ಮುಂದೆ ನಿಂತರೂ ಮನಸ್ಸು ಬಡ್ಡಿಯ ಮೇಲಿರುತ್ತದೆ. ಕೂಡಿಸಿ ಹೋಗಿ, ಎರಡು ವರ್ಷ ತಡವಾದರೂ ಸರಿ. ಆದರೆ ದುಡ್ಡು ಪೂರ್ತಿ ಕೂಡುವವರೆಗೆ ಕಾಗದಪತ್ರವನ್ನು ಕಾಯಿಸಬೇಡಿ. ಮನೆಮಂದಿಯ ಹೆಸರುಗಳನ್ನು ಈ ವಾರವೇ ಎದುರುಬದುರು ಇಟ್ಟು ನೋಡಿ, ತಪ್ಪಿದ್ದರೆ ತಿದ್ದಿಸಿ, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ.