ಕಥೆ ಬಾಳಿದ್ದು ಯಾಕೆ? ಕಥೆಯ ಮಾಲಕ ಯಾರು?

ಕಳೆದ ಭಾರತ ಹುಣ್ಣಿವೆಯ ಕಾಲಕ್ಕೆ ನಾವು ಉಗರಗೋಳದಲ್ಲಿದ್ದೆವು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಿಂದ ಊರು ತುಂಬಿಹೋಗಿತ್ತು. ‘ಉಧೋ ಉಧೋ’ ಎಂಬ ಕೂಗು, ಭಂಡಾರದ ಧೂಳು, ಬೆಂಡು ಬೆತ್ತಾಸಿನ ಅಂಗಡಿಗಳ ಸಾಲು. ಆಟಿಗೆ ಸಾಮಾನಿನ ಅಂಗಡಿಯ ಮುಂದೆ ಹತ್ತು ವರುಷದ ಹುಡುಗನೊಬ್ಬ ಬೆಳಕು ಹೊತ್ತುವ ಪ್ಲಾಸ್ಟಿಕ್ಕಿನ ಕೋಲು ಹಿಡಿದು ತಮ್ಮನ ಸಂಗಡ ಕಾಳಗಕ್ಕೆ ನಿಂತಿದ್ದ.

“ಏನೋ ಇದು?” ಎಂದೆವು.

“ಬೆಳಕಿನ ಕತ್ತಿರೀ ಮಾಸ್ತರ. ಕೆಟ್ಟ ಬಾದಶಹನ ಮಂದಿ ಕೂಡ ಬಡದಾಡೂ ಕತ್ತಿ” ಎಂದ.

ಬೆಳಗಾವಿಯ ಸೋದರಮಾವನ ಮನೆಯಲ್ಲಿ ಆ ಚಿತ್ರ ನೋಡಿದ್ದನಂತೆ. ಅವನ ತಂದೆ ಬೈಲಹೊಂಗಲದ ಅರಳೆ ಗಿರಣಿಯಲ್ಲಿ ಕಾಮಗಾರ. ಹುಡುಗ ಹೇಳಿದ್ದು ‘ಸ್ಟಾರ್ ವಾರ್ಸ್’ ಎಂಬ ಚಿತ್ರಮಾಲೆಯ ಮಾತು. ಅದರ ಮೊದಲ ಚಿತ್ರ ಅಮೆರಿಕದಲ್ಲಿ ತೆರೆ ಕಂಡದ್ದು 1977ರ ಮೇ 25ರಂದು. ಆಗ ಈ ಹುಡುಗನ ತಂದೆ ಕೂಡ ಹುಟ್ಟಿರಲಿಲ್ಲ.

ಮುಂದಿನ ರವಿವಾರ ನಮ್ಮ ಅಭ್ಯಾಸವರ್ಗದಲ್ಲಿ ಈ ಮಾತು ತೆಗೆದೆವು. ತೆಗೆದದ್ದೇ ತಪ್ಪಾಯಿತೇನೋ! ಒಬ್ಬ ಸಂಗಾತಿ ಎದ್ದು, “ಅದು ಅಮೆರಿಕದ ಬಂಡವಲಗಾರರು ಜಗತ್ತಿಗೆ ತಿನ್ನಿಸುತ್ತಿರುವ ಅಫೀಮು; ನಮ್ಮ ಹುಡುಗರು ಸಭೆಗೆ ಬಾರದಿರುವದಕ್ಕೆ ಇಂಥ ಸಿನೇಮಾಗಳೇ ಕಾರಣ” ಎಂದರು. ಇನ್ನೊಬ್ಬರು, “ಅದರಲ್ಲಿ ಏನಿದೆ? ಕೋಟಿಗಟ್ಟಲೆ ರೊಕ್ಕ, ಯಂತ್ರದ ಚಮತ್ಕಾರ. ರೊಕ್ಕ ಸುರಿದರೆ ಯಾವ ಚಿತ್ರವೂ ಬಾಳುತ್ತದೆ” ಎಂದರು. ಇಬ್ಬರೂ ನಮ್ಮ ಆಪ್ತರು, ಇಬ್ಬರೂ ಪ್ರಾಮಾಣಿಕರು. ಆದರೆ ಇಬ್ಬರ ಮಾತೂ ತಪ್ಪೆಂದು ನಾವು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ. ಇದು ಬರಿಯ ಸಿನೇಮಾದ ಪ್ರಶ್ನೆಯಲ್ಲ. ಜನ ಯಾವ ಕಥೆಗೆ ಕಿವಿಗೊಡುತ್ತಾರೆ, ಯಾಕೆ ಕಿವಿಗೊಡುತ್ತಾರೆ ಎಂಬುದನ್ನು ತಿಳಿಯದ ಪಕ್ಷ ಜನರ ಪಕ್ಷವಾಗಲಾರದು.

ಮೊದಲು ರೊಕ್ಕದ ಮಾತು. 1977ರಲ್ಲಿ ಆ ಚಿತ್ರ ಮೊದಲಿಗೆ ಹತ್ತಿದ್ದು 50ಕ್ಕೂ ಕಡಿಮೆ ಚಿತ್ರಮಂದಿರಗಳಲ್ಲಿ. ಅದಕ್ಕೆ ತಗಲಿದ ಖರ್ಚು ಸುಮಾರು ಒಂದು ಕೋಟಿ ಹತ್ತು ಲಕ್ಷ ಡಾಲರು. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಅಂಥ ದೊಡ್ಡ ಮೊತ್ತವಲ್ಲ. ಚಿತ್ರಕ್ಕೆ ಹಣ ಹಾಕಿದ ಕಂಪನಿಗೇ ಅದರ ಮೇಲೆ ಹೆಚ್ಚಿನ ಭರವಸೆ ಇರಲಿಲ್ಲ. ಇನ್ನು ಇದಕ್ಕೆ ವಿರುದ್ಧವಾದ ಉದಾಹರಣೆ ನೋಡಿರಿ. 2012ರಲ್ಲಿ ಡಿಸ್ನಿ ಕಂಪನಿ ‘ಜಾನ್ ಕಾರ್ಟರ್’ ಎಂಬ ಚಿತ್ರ ತೆಗೆಯಿತು. ಅದೂ ಆಕಾಶದ ಸಾಹಸವೇ, ಮಂಗಳ ಗ್ರಹದ ಕಥೆ. ಖರ್ಚು 25 ಕೋಟಿ ಡಾಲರಿನ ಆಚೆ. ಯಂತ್ರದ ಚಮತ್ಕಾರಕ್ಕೆ ಕೊರತೆಯಿರಲಿಲ್ಲ. ಕೆಲವೇ ದಿನಗಳಲ್ಲಿ ಆ ಕಂಪನಿ ತನಗೆ ಸುಮಾರು 20 ಕೋಟಿ ಡಾಲರು ನಷ್ಟವಾಗುವದೆಂದು ಸಾರಬೇಕಾಯಿತು. ಇಂದು ಉಗರಗೋಳದ ಜಾತ್ರೆಯಲ್ಲಿ ಆ ಚಿತ್ರದ ಆಟಿಗೆ ಹಿಡಿದ ಹುಡುಗ ಒಬ್ಬನಾದರೂ ಇದ್ದಾನೆಯೆ? ರೊಕ್ಕ ಜಾಹೀರಾತನ್ನು ಕೊಳ್ಳಬಲ್ಲದು, ಚಿತ್ರಮಂದಿರವನ್ನು ಹಿಡಿಯಬಲ್ಲದು. ಮೂರು ತಲೆಮಾರಿನ ಪ್ರೀತಿಯನ್ನು ಕೊಳ್ಳಲಾರದು.

ಹಾಗಾದರೆ ಬಾಳಿದ್ದು ಯಾಕೆ? ಕಥೆಯನ್ನು ನೋಡಿರಿ. ನಾಯಕ ಒಬ್ಬ ಬಡ ಹುಡುಗ. ಮಳೆಯಿಲ್ಲದ ಬರಡು ನಾಡಿನಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಆಸರೆಯಲ್ಲಿ ಬೆಳೆದವನು, ಹೊಲದ ಕೆಲಸದವನು. ಊರು ಬಿಟ್ಟು ಹೋಗಬೇಕೆಂಬ ಆಸೆ. ಆದರೆ “ಈ ಸುಗ್ಗಿ ಒಂದು ಮುಗಿಯಲಿ” ಎಂದು ಚಿಕ್ಕಪ್ಪ ತಡೆಯುತ್ತಾನೆ. ಸವದತ್ತಿ ರಾಮದುರ್ಗದ ಕಡೆಯ ಯಾವ ಹುಡುಗನಿಗೆ ಈ ಮಾತು ಹೊಸದು? ಅಲ್ಲಿಯ ವಿಮಾನಗಳೂ ಥಳಥಳಿಸುವ ಹೊಸ ವಿಮಾನಗಳಲ್ಲ. ತುಕ್ಕು ಹಿಡಿದವು, ಎಣ್ಣೆ ಸೋರುವವು, ಒದ್ದರೆ ಮಾತ್ರ ಚಾಲೂ ಆಗುವವು. ಅದಕ್ಕೂ ಮೊದಲಿನ ಎಷ್ಟೋ ಆಕಾಶದ ಚಿತ್ರಗಳಲ್ಲಿ ಎಲ್ಲವೂ ನಿನ್ನೆ ತಾನೆ ತೊಳೆದಿಟ್ಟ ಪಾತ್ರೆಯಂತೆ ಇರುತ್ತಿತ್ತು. ಯಂತ್ರವನ್ನು ದಿನಾಲು ತಿಕ್ಕಿ, ಬಿಚ್ಚಿ, ಜೋಡಿಸಿ ಹೊಟ್ಟೆ ಹೊರೆಯುವ ಗಿರಣಿಯ ಕಾಮಗಾರನು ಈ ಚಿತ್ರದ ಯಂತ್ರವನ್ನು ನೋಡಿ ‘ಇದು ನಿಜ’ ಎಂದನು.

ಇನ್ನೊಂದು ಮಾತು. ಆ ಕಥೆ ಆರಂಭವಾಗುವದು ರಾಜನಿಂದಲ್ಲ, ಇಬ್ಬರು ಆಳುಗಳಿಂದ. ಅವರು ಯಂತ್ರದ ಆಳುಗಳು. ಅವರನ್ನು ದನದ ಸಂತೆಯಲ್ಲಿ ಹಲ್ಲು ಎಣಿಸಿ ಕೊಂಡಂತೆ ಕೊಳ್ಳುತ್ತಾರೆ, ಮಾರುತ್ತಾರೆ. ಅಲ್ಲಿಯ ಒಂದು ಹೋಟೇಲಿನಲ್ಲಿ ‘ನಿಮ್ಮಂಥವರಿಗೆ ಇಲ್ಲಿ ಪ್ರವೇಶವಿಲ್ಲ’ ಎಂದು ಅವರನ್ನು ಹೊರಗೆ ನಿಲ್ಲಿಸುತ್ತಾರೆ. ಹೊರಗೆ ಬೇರೆ ಬಟ್ಟಲಿನಲ್ಲಿ ಚಹಾ ಕುಡಿದು ಬೆಳೆದವರಿಗೆ ಈ ದೃಶ್ಯದ ಅರ್ಥವನ್ನು ಯಾರು ಹೇಳಿಕೊಡಬೇಕು? ಆಳುಗಳ ಕಣ್ಣಿನಿಂದ ದೊಡ್ಡವರ ಕಥೆ ಹೇಳುವ ಈ ಉಪಾಯವನ್ನು ನಿರ್ದೇಶಕ ಜಾರ್ಜ್ ಲ್ಯೂಕಸ್ ಜಪಾನಿನ ಅಕಿರಾ ಕುರೊಸಾವಾನ 1958ರ ಚಿತ್ರದಿಂದ ಪಡೆದನು. ಅದರಲ್ಲಿ ಇಬ್ಬರು ಬಡ ರೈತರ ಬೆನ್ನು ಹತ್ತಿ ಕಥೆ ಸಾಗುವದು. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಗೊಲ್ಲತಿ ಬಂದು ಭಾಗವತನೊಡನೆ ಮಾತಿಗೆ ನಿಂತಾಗ ಜನ ಎದ್ದು ಕೂಡುವದೂ ಇದೇ ಕಾರಣದಿಂದ. ದೇವರ ಕಥೆಯೊಳಗೆ ತಮ್ಮಂಥವರೊಬ್ಬರು ಬಂದು ಬಾಯಿ ಬಿಟ್ಟರೆಂಬ ಸಂತೋಷ ಅದು.

ಆ ಹುಡುಗನ ವೈರಿ ಯಾರು? ಒಂದು ಸಾಮ್ರಾಜ್ಯ. ಈ ಸಾಮ್ರಾಜ್ಯವನ್ನು ಬರೆಯುವಾಗ ತನ್ನ ಮನಸ್ಸಿನಲ್ಲಿದ್ದದ್ದು ವಿಯೆಟ್ನಾಮಿನ ಯುದ್ಧವೆಂದು ಲ್ಯೂಕಸ್ ತಾನೇ ಹೇಳಿದ್ದಾನೆ. ಕಾಡಿನ ಸಣ್ಣ ಜನ ಕಲ್ಲು ಮರಗಳಿಂದ ದೊಡ್ಡ ಸೈನ್ಯದ ಯಂತ್ರಗಳನ್ನು ಕೆಡಹುವ 1983ರ ಚಿತ್ರದ ದೃಶ್ಯ ಎಲ್ಲಿಯದೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಮಗನೊಬ್ಬನು ಅಮೆರಿಕದ ಸೈನ್ಯವನ್ನು ಕಂಡು ಬರೆದ ಕಥೆಗೆ ‘ಅಮೆರಿಕದ ಅಫೀಮು’ ಎನ್ನುವ ಸಂಗಾತಿಗಳು ಸ್ವಲ್ಪ ಯೋಚಿಸಬೇಕು.

ನಮ್ಮ ಸೀಮೆಗೆ ಈ ಕಥೆ ಪರದೇಶದ್ದಲ್ಲ. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆಮೇಲೂ ಸಂಗೊಳ್ಳಿಯ ರಾಯಣ್ಣ ಸುಮ್ಮನಾಗಲಿಲ್ಲ. ಕುಂಪಣಿಯ ಕಚೇರಿಗಳನ್ನು ಸುಟ್ಟನು, ಖಜಾನೆಗೆ ಕೈ ಹಾಕಿದನು. ಕೊನೆಗೆ ನಮ್ಮವರ ಮೋಸದಿಂದಲೇ ಸಿಕ್ಕು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಲಾವಣಿಕಾರರು ಅದನ್ನು ಹಾಡಿದರು, ಗೀಗೀ ಮೇಳದವರು ಹಾಡಿದರು. ಅವರಿಗೆ ಯಾವ ಕಂಪನಿ ಜಾಹೀರಾತು ಕೊಟ್ಟಿತ್ತು? ಸೋತ ಬಂಡುಗಾರನ ಕಥೆಯನ್ನು ಜನ ಎರಡು ನೂರು ವರುಷ ಎದೆಯಲ್ಲಿಟ್ಟುಕೊಂಡು ಬಂದರು. ಸಣ್ಣವನು ದೊಡ್ಡವನೆದುರು ನೆಟ್ಟಗೆ ನಿಂತ ಕಥೆಗೆ ಸಾವಿಲ್ಲ. ಆಕಾಶದಲ್ಲಿ ನಡೆದರೂ ಅಷ್ಟೆ, ಸಂಗೊಳ್ಳಿಯಲ್ಲಿ ನಡೆದರೂ ಅಷ್ಟೆ.

ಇನ್ನೂ ಆಳವಾದ ಕಾರಣವೊಂದಿದೆ. 1980ರ ಎರಡನೆಯ ಚಿತ್ರದಲ್ಲಿ ಕರಿ ಮುಖವಾಡದ ಆ ಕ್ರೂರ ದಂಡನಾಯಕನೇ ತನ್ನ ತಂದೆಯೆಂದು ಹುಡುಗನಿಗೆ ತಿಳಿಯುವದು. ಮೂರನೆಯದರಲ್ಲಿ ತಂದೆಯನ್ನು ಕೊಲ್ಲೆಂದು ಬಾದಶಹ ಅಪ್ಪಣೆ ಮಾಡುವನು. ಮಗ ಕತ್ತಿ ಬಿಸಾಡಿ ‘ಆಗದು’ ಎನ್ನುವನು. ನಮ್ಮ ಗುಡ್ಡದ ಕಥೆಯಲ್ಲಿ ತಂದೆಯ ಅಪ್ಪಣೆಗೆ ಪರಶುರಾಮ ತಾಯಿಯ ತಲೆ ಕಡಿದನು. ಆಮೇಲೆ ವರ ಬೇಡಿ ಬದುಕಿಸಿಕೊಂಡನು. ನಾವು ಯಾರ ಭಕ್ತಿಯನ್ನೂ ಜರಿಯುತ್ತಿಲ್ಲ. ಹಿರಿಯರ ಅಪ್ಪಣೆ ಅನ್ಯಾಯದ್ದಾದರೆ ಮಗ ಏನು ಮಾಡಬೇಕೆಂಬ ಸಂಕಟ ಉಗರಗೋಳದ ಜನಕ್ಕೂ ಹಳೆಯದು, ಅಮೆರಿಕದವರಿಗೂ ಹಳೆಯದು ಎಂದಷ್ಟೇ ಹೇಳುತ್ತೇವೆ. ಮನೆಮನೆಯಲ್ಲಿರುವ ಸಂಕಟವನ್ನು ಹಿಡಿದ ಕಥೆಯನ್ನು ತಂದೆ ಮಗನಿಗೆ ತೋರಿಸುತ್ತಾನೆ, ಮಗ ತನ್ನ ಮಗನಿಗೆ ತೋರಿಸುತ್ತಾನೆ. ಪಾರಿಜಾತ ಉಳಿದದ್ದೂ ಹೀಗೆಯೇ.

ಈ ಚಿತ್ರಮಾಲೆಯಲ್ಲಿ ದೋಷವಿಲ್ಲವೆ? ಇದೆ. ಹೊಲದ ಹುಡುಗ ಕೊನೆಗೆ ದೊಡ್ಡವರ ರಕ್ತದವನೇ ಆಗಿಬಿಡುತ್ತಾನೆ. ಬಡವನ ಮಗ ಬಡವನ ಮಗನಾಗಿಯೇ ಗೆಲ್ಲಬಾರದೆ? ಒಂದು ಗ್ರಹವನ್ನೇ ಸುಡುವ ಆ ಭಾರಿ ಯಂತ್ರವನ್ನು ಯಾರ ಕೈಗಳು ಕಟ್ಟಿದವೆಂದು ಹಳೆಯ ಮೂರು ಚಿತ್ರಗಳಲ್ಲಿ ಯಾರೂ ಕೇಳುವದಿಲ್ಲ. ಆದರೆ 2022ರ ‘ಆಂಡೋರ್’ ಎಂಬ ಧಾರಾವಾಹಿ ಅದನ್ನು ಕೇಳಿತು. ಅಲ್ಲಿ ಕೈದಿಗಳು ಪಾಳಿಯ ಮೇಲೆ ಯಂತ್ರದ ಬಿಡಿಭಾಗ ಜೋಡಿಸುತ್ತಾರೆ. ಒಂದು ಮೇಜಿನವರಿಗೂ ಇನ್ನೊಂದು ಮೇಜಿನವರಿಗೂ ಪೈಪೋಟಿ. ಹಿಂದೆ ಬಿದ್ದವರಿಗೆ ವಿದ್ಯುತ್ತಿನ ಹೊಡೆತ. ಅವಧಿ ಮುಗಿದರೂ ಯಾರನ್ನೂ ಬಿಡುವದಿಲ್ಲವೆಂದು ತಿಳಿದ ದಿನ ಅವರು ಒಂದಾಗಿ ಏಳುತ್ತಾರೆ. ಅವರು ಜೋಡಿಸುತ್ತಿದ್ದದ್ದು ಅದೇ ಸುಡುವ ಯಂತ್ರದ ಭಾಗಗಳೆಂದು ಕೊನೆಗೆ ನಮಗೆ ಕಾಣಿಸುವದು. ಪಾಳಿ, ಪೈಪೋಟಿ, ದಂಡ: ಗಿರಣಿಯ ಬಂಧುಗಳೇ, ಇದನ್ನು ನೋಡಲು ಆಕಾಶಕ್ಕೆ ಹೋಗಬೇಕೆ?

ಇನ್ನು ನಮ್ಮ ನಿಜವಾದ ತಕರಾರು. ಅದು ಕಥೆಯ ಮೇಲಲ್ಲ, ಕಥೆಗೆ ಹಾಕಿದ ಬೇಲಿಯ ಮೇಲೆ. ಲ್ಯೂಕಸ್ ಹೆಚ್ಚಿನ ಸಂಬಳ ಬಿಟ್ಟು, ಮುಂದಿನ ಚಿತ್ರಗಳ ಹಕ್ಕು ಮತ್ತು ಆಟಿಗೆ ಸಾಮಾನಿನ ಹಕ್ಕು ತನಗಿರಲಿ ಎಂದು ಕೇಳಿ ಪಡೆದನು. ಕಂಪನಿಗೆ ಅದು ಕಸವಾಗಿ ಕಂಡಿತು; ಆ ಕಸವೇ ಕಣಜವಾಯಿತು. 1977ರ ಕ್ರಿಸ್ಮಸ್ಸಿಗೆ ಗೊಂಬೆಗಳು ತಯಾರಾಗಿರಲಿಲ್ಲ. ಆಟಿಗೆ ಕಂಪನಿಯು ‘ಗೊಂಬೆ ಮುಂದಿನ ವರುಷ ಬರುವದು’ ಎಂಬ ಚೀಟಿಯಿದ್ದ ಬರಿ ಡಬ್ಬಿಯನ್ನು ಮಾರಿತು, ಜನ ಕೊಂಡರು! ಜಾತ್ರೆಯಲ್ಲಿ ಬರಿ ಡಬ್ಬಿ ಮಾರಿದ ಸಣ್ಣ ವ್ಯಾಪಾರಿಯ ಗತಿ ಏನಾದೀತೆಂದು ನಮ್ಮ ಓದುಗರೇ ಊಹಿಸಲಿ. ಇತ್ತ, ಕರಿ ಮುಖವಾಡದೊಳಗೆ ನಿಂತು ದುಡಿದ ನಟ ಡೇವಿಡ್ ಪ್ರೌಸ್, 1983ರ ಚಿತ್ರ ಇನ್ನೂ ಲಾಭಕ್ಕೆ ಬಂದಿಲ್ಲವೆಂದು ತನಗೆ ಕಾಗದ ಬರುತ್ತಿವೆಯೆಂದು 2009ರಲ್ಲಿ ಬಹಿರಂಗವಾಗಿ ಹೇಳಿದನು. ಲೆಕ್ಕದ ಪುಸ್ತಕ ಮಾಲಕನ ಕೈಯಲ್ಲಿದ್ದರೆ ಲಾಭ ಯಾವಾಗಲೂ ನಾಳೆಯೇ ಬರುವದು. ಬೋನಸ್ ಕೇಳಿದ ಕಾಮಗಾರನಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

2012ರ ಅಕ್ಟೋಬರ 30ರಂದು ಡಿಸ್ನಿ ಕಂಪನಿ ಈ ಇಡೀ ಕಥಾಲೋಕವನ್ನು 405 ಕೋಟಿ ಡಾಲರಿಗೆ ಕೊಳ್ಳುವದಾಗಿ ಸಾರಿತು. ಆಗಿನ ಲೆಕ್ಕಕ್ಕೆ 21 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದಾಗಿ ಎರಡೇ ದಿನಕ್ಕೆ, ನವಂಬರ 1ರ ರಾಜ್ಯೋತ್ಸವದಂದು, ನಮ್ಮಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರ ತೆರೆ ಕಂಡಿತು. ಈ ಎರಡು ದಿನಗಳನ್ನು ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿ ಬಂಡುಗಾರರ ಕಥೆ ಒಬ್ಬ ಮಾಲಕನಿಂದ ಇನ್ನೊಬ್ಬ ಮಾಲಕನಿಗೆ ಹೋಯಿತು. ಮೊದಲ ಚಿತ್ರದ ಹಕ್ಕು ಅಮೆರಿಕದ ಕಾಯದೆಯಂತೆ 2072ರ ಕೊನೆಯವರೆಗೆ ಜನರ ಕೈಗೆ ಬಾರದು. ಇಲ್ಲಿ ರಾಯಣ್ಣನ ಚಿತ್ರದ ಹಕ್ಕು ನಿರ್ಮಾಪಕರದಾದರೂ ರಾಯಣ್ಣನ ಕಥೆಯ ಹಕ್ಕು ಯಾರದು? ನಂದಗಡದ ಆಲದ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟುವ ತಾಯಿಯದು. ಡಪ್ಪು ತುಂತುಣಿ ಹಿಡಿದ ಹಾಡುಗಾರನದು. ಅದನ್ನು ಹಾಡಲು ಯಾರಿಗೂ ಬಾಡಿಗೆ ಕೊಡಬೇಕಿಲ್ಲ.

ಹಾಲಿವುಡ್ಡಿನ ದುಡಿಯುವವರೂ ಸುಮ್ಮನಿಲ್ಲ. 2023ರಲ್ಲಿ ಅಲ್ಲಿಯ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದರು. ತಮ್ಮ ಕೆಲಸ ಮರುಪ್ರಸಾರವಾದಾಗ ತಮಗೆ ಪಾಲು ಬರಬೇಕು, ತಮ್ಮ ಮಾತನ್ನೂ ಮುಖವನ್ನೂ ಯಂತ್ರಕ್ಕೆ ಒಪ್ಪಿಸಬಾರದು ಎಂಬುದು ಅವರ ಬೇಡಿಕೆ. ಬಣ್ಣ ಹಚ್ಚಿದರೂ ಕಾಮಗಾರ ಕಾಮಗಾರನೇ.

ಇಷ್ಟನ್ನು ಹೇಳಿ ನಾವು ನಮ್ಮ ಸಂಗಾತಿಗಳ ಕಡೆಗೆ ತಿರುಗುತ್ತೇವೆ. ಹುಡುಗರು ಸಭೆಗೆ ಬಾರದಿರುವದು ಸಿನೇಮಾದಿಂದಲ್ಲ. ನಮ್ಮ ಭಾಷಣದಲ್ಲಿ ಅಂಕಿಗಳಿವೆ, ಠರಾವುಗಳಿವೆ. ಹೊಲದ ಹುಡುಗ ಎಲ್ಲಿದ್ದಾನೆ? ಹೋಟೇಲಿನ ಹೊರಗೆ ನಿಂತ ಆಳು ಎಲ್ಲಿದ್ದಾನೆ? ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗಲೂ ಇದೇ ತಪ್ಪು ಮಾಡಿದವರು. ಚೆನ್ನಮ್ಮನ ಪಾಠವನ್ನು ಇಸವಿ ಬಾಯಿಪಾಠ ಮಾಡಿಸಿ ಮುಗಿಸಿದೆವು. ಹುಡುಗರು ತೂಕಡಿಸಿದರು, ನಾವು ಹುಡುಗರನ್ನು ಬೈದೆವು. ತಪ್ಪು ನಮ್ಮದಾಗಿತ್ತು. ಆ ಇಸವಿಗಳ ನಡುವೆ ಒಬ್ಬ ಮನುಷ್ಯ ತನ್ನ ನೆಲಕ್ಕಾಗಿ ಎದ್ದು ನಿಂತಿದ್ದನ್ನು ನಾವು ತೋರಿಸಲೇ ಇಲ್ಲ.

ಉಗರಗೋಳದ ಹುಡುಗನ ಕೈಯಿಂದ ಬೆಳಕಿನ ಕತ್ತಿಯನ್ನು ಕಸಿಯುವ ಕೆಲಸ ನಮ್ಮದಲ್ಲ. ‘ಕೆಟ್ಟ ಬಾದಶಹ’ ಯಾರು, ಅವನ ಯಂತ್ರಕ್ಕೆ ಮೊಳೆ ಹೊಡೆಯುವವರು ಯಾರು ಎಂದು ಅವನ ಪಕ್ಕದಲ್ಲಿ ಕೂತು ಮಾತಾಡುವದು ನಮ್ಮ ಕೆಲಸ. ಬರುವ ರವಿವಾರದ ಅಭ್ಯಾಸವರ್ಗದಲ್ಲಿ ಭಾಷಣವಿಲ್ಲ. ರಾಯಣ್ಣನ ಲಾವಣಿ ಹಾಡುವವರು ಬರುತ್ತಾರೆ, ಆಮೇಲೆ ಚರ್ಚೆ. ಮಕ್ಕಳನ್ನು ಕರೆದುಕೊಂಡು ಬನ್ನಿರಿ. ಕತ್ತಿಯನ್ನು ತಂದರೂ ಅಡ್ಡಿಯಿಲ್ಲ.